‘ಬೇಕು’ ಎಂಬ ಮಾತಿನ ಎರಡು ಮುಖ: ನೀತಿಶಾಸ್ತ್ರದ ಅರ್ಥ ಮತ್ತು ವ್ಯಾಪ್ತಿ

ಕೇಳುಗರಿಗೆ ನಮಸ್ಕಾರ.

ನಾವು ದಿನಕ್ಕೆ ನೂರು ಸಲ ಆಡುವ ‘ಬೇಕು’ ಎಂಬ ಮಾತಿನಿಂದಲೇ ಇಂದಿನ ವಿಷಯವನ್ನು ಆರಂಭಿಸುತ್ತೇನೆ. ‘ನನಗೆ ಹಣ ಬೇಕು’ ಎನ್ನುತ್ತೇವೆ. ‘ನಾನು ಸಾಲ ತೀರಿಸಬೇಕು’ ಎಂದೂ ಹೇಳುತ್ತೇವೆ. ಮೊದಲನೆಯದರಲ್ಲಿ ಇರುವುದು ಆಸೆ, ಎರಡನೆಯದರಲ್ಲಿ ಇರುವುದು ಹೊಣೆ. ಒಂದೇ ಪದ ಎರಡನ್ನೂ ಹೊತ್ತುಕೊಂಡಿದೆ. ಆಸೆಯ ‘ಬೇಕು’ ಒಂದು ಕಡೆಗೆ, ಹೊಣೆಯ ‘ಬೇಕು’ ಇನ್ನೊಂದು ಕಡೆಗೆ ಎಳೆಯುವ ಹೊತ್ತಿನಲ್ಲಿ ಯಾವುದರ ಮಾತು ಕೇಳುವುದು, ಯಾಕೆ ಕೇಳುವುದು ಎಂಬ ಪ್ರಶ್ನೆ ಏಳುತ್ತದೆ. ಆ ‘ಯಾಕೆ’ಯನ್ನು ಬಿಡದೆ ಹಿಡಿದು ವಿಚಾರಿಸುವ ಶಾಸ್ತ್ರವೇ ನೀತಿಶಾಸ್ತ್ರ.

‘ನೀತಿ’ ಎಂಬುದು ‘ಕರೆದೊಯ್ಯು’ ಎಂಬ ಅರ್ಥದ ‘ನೀ’ ಎಂಬ ಸಂಸ್ಕೃತ ಧಾತುವಿನಿಂದ ಬಂದ ಪದ. ಕನ್ನಡದ ನಡೆ, ನಡತೆ, ನಡವಳಿಕೆಗಳಲ್ಲಿಯೂ ಹಾದಿ ಹಿಡಿದು ಸಾಗುವ ಚಿತ್ರವೇ ಇದೆ. ಗ್ರೀಕರ ‘ಈಥೋಸ್’ ಎಂದರೆ ಶೀಲ, ಸ್ವಭಾವ. ಅಭ್ಯಾಸ ಎಂಬರ್ಥದ ಪದದ ಸ್ವರವನ್ನು ತುಸು ಬದಲಿಸಿದರೆ ಶೀಲದ ಹೆಸರು ಬರುತ್ತದೆ ಎಂಬುದನ್ನು ಅರಿಸ್ಟಾಟಲನೇ ಗುರುತಿಸಿದ್ದಾನೆ. ಮಾಡಿ ಮಾಡಿ ರೂಢಿಯಾದದ್ದೇ ಗುಣವಾಗುತ್ತದೆ ಎಂಬ ಅವನ ವಾದಕ್ಕೆ ಈ ಪದಸಾಮ್ಯ ಅನುಕೂಲವಾಗಿಯೇ ಒದಗಿತು. ಗ್ರೀಕ್ ಪದಕ್ಕೆ ಸಮನಾಗಿ ಲ್ಯಾಟಿನ್ನಿನಲ್ಲಿ, ಆಚಾರ ಎಂಬ ಅರ್ಥದ ಪದದಿಂದ ಹೊಸ ಶಬ್ದವೊಂದನ್ನು ಕಟ್ಟಿದವನು ರೋಮಿನ ವಾಗ್ಮಿ ಸಿಸೆರೊ. ಇಂಗ್ಲಿಷಿನ ‘ಮಾರಲ್’ ಅದರ ಸಂತಾನ. ನಮ್ಮ ‘ನೀತಿ’ಗೆ ಮಾತ್ರ ಇನ್ನೊಂದು ತೊಡಕಿದೆ. ಸರ್ಕಾರದ ಕೈಗಾರಿಕಾ ನೀತಿ, ಶಿಕ್ಷಣ ನೀತಿ ಎಂಬಲ್ಲಿ ಅದರ ಅರ್ಥ ಧೋರಣೆ ಎಂದಷ್ಟೇ. ಅಂಥ ನೀತಿಯಲ್ಲಿ ನೀತಿ ಇರಲೇಬೇಕೆಂದಿಲ್ಲ.

ನೀತಿಶಾಸ್ತ್ರವನ್ನು ನೀತಿಬೋಧೆ ಎಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ಸುಳ್ಳು ಹೇಳಬಾರದು ಎಂದು ಮಗುವಿಗೆ ತಿಳಿಹೇಳುವುದು ಬೋಧೆ. ಸುಳ್ಳು ತಪ್ಪೆನ್ನುವುದಕ್ಕೆ ಆಧಾರವೇನು, ಅದು ಎಲ್ಲ ಸಂದರ್ಭದಲ್ಲೂ ತಪ್ಪೇ, ಬಾಯಿಬಿಡದೆ ಸುಮ್ಮನಿದ್ದು ಎದುರಿನವರನ್ನು ನಂಬಿಸಿದರೆ ಅದೂ ಸುಳ್ಳೇ ಎಂದು ಕೇಳುವುದು ಶಾಸ್ತ್ರ. ವ್ಯಾಕರಣ ಬಲ್ಲವರೆಲ್ಲ ಸೊಗಸಾಗಿ ಮಾತಾಡುವುದಿಲ್ಲ. ಹಾಗೆಯೇ ನೀತಿಶಾಸ್ತ್ರ ಓದಿದವರು ಉಳಿದವರಿಗಿಂತ ಒಳ್ಳೆಯವರೆಂದು, ಅದನ್ನೇ ಪಾಠ ಹೇಳಿಕೊಂಡು ಬಂದ ನಾನಂತೂ ಹೇಳಲಾರೆ.

ಈ ಶಾಸ್ತ್ರವನ್ನು ಪಠ್ಯಪುಸ್ತಕಗಳು ಆದರ್ಶ ವಿಜ್ಞಾನ ಎಂದು ಕರೆಯುತ್ತವೆ. ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳು ವಿವರಿಸಿದರೆ, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಇದು ವಿಚಾರಿಸುತ್ತದೆ. ಇವೆರಡರ ನಡುವಿನ ಕಂದಕವನ್ನು ಎತ್ತಿ ತೋರಿಸಿದವನು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. 1739–40ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದು ಅಚ್ಚರಿಯನ್ನು ದಾಖಲಿಸುತ್ತಾನೆ: ಗ್ರಂಥಕರ್ತರು ‘ಇದೆ’, ‘ಇಲ್ಲ’ ಎಂದು ಹೇಳುತ್ತ ಬಂದು, ಯಾರಿಗೂ ತಿಳಿಯದಂತೆ ‘ಬೇಕು’, ‘ಬಾರದು’ ಎಂಬಲ್ಲಿಗೆ ಜಾರಿಬಿಡುತ್ತಾರೆ, ಅಲ್ಲಿಗೆ ಹೇಗೆ ಬಂದರೆಂಬುದಕ್ಕೆ ಕಾರಣ ಕೊಡುವುದಿಲ್ಲ. ‘ಇದು ಹಿಂದಿನಿಂದ ನಡೆದು ಬಂದಿದೆ, ಆದ್ದರಿಂದ ಹೀಗೆಯೇ ನಡೆಯಬೇಕು’ ಎನ್ನುವವರ ಮಾತಿನಲ್ಲಿ ಇದೇ ಜಾರುವಿಕೆಯನ್ನು ಈಗಲೂ ಕೇಳಬಹುದು.

ಇನ್ನು ವ್ಯಾಪ್ತಿ. ಭೂಕಂಪವನ್ನು ಯಾರೂ ಅನೀತಿ ಎನ್ನುವುದಿಲ್ಲ. ನಿದ್ದೆಗಣ್ಣಿನಲ್ಲಿ ಎಡವಿ ದೀಪ ಒಡೆದವನನ್ನು ಬೈದೇವು, ದುಷ್ಟನೆನ್ನೆವು. ತಿಳಿದು, ತಾನಾಗಿ ಆರಿಸಿಕೊಂಡು ಮಾಡಿದ ಕೆಲಸವೇ ನೀತಿವಿಮರ್ಶೆಗೆ ಒಳಪಡುವಂಥದ್ದು. ಆದರೆ ‘ತಾನಾಗಿ’ ಎಂಬುದರ ಗೆರೆ ಎಲ್ಲಿದೆ? ಅರಿಸ್ಟಾಟಲ್ ಇದಕ್ಕೊಂದು ಹಡಗನ್ನು ತರುತ್ತಾನೆ. ಬಿರುಗಾಳಿಗೆ ಸಿಕ್ಕ ಹಡಗಿನಿಂದ, ಜೀವ ಉಳಿಸಿಕೊಳ್ಳಲು ಸರಕನ್ನೆಲ್ಲ ಸಮುದ್ರಕ್ಕೆ ಎಸೆಯುತ್ತಾರೆ. ಸುಮ್ಮನಿರುವಾಗ ಬುದ್ಧಿಯಿದ್ದ ಯಾರೂ ಹಾಗೆ ಎಸೆಯುವುದಿಲ್ಲ; ಆ ಕ್ಷಣದಲ್ಲಾದರೋ ಎಸೆಯುವ ಕೈಯನ್ನು ಬೇರೆ ಯಾರೂ ಹಿಡಿದು ಆಡಿಸುತ್ತಿಲ್ಲ. ಇಂಥ ಕೆಲಸ ಬೆರಕೆಯದು, ಆದರೂ ಮಾಡುವ ಹೊತ್ತಿಗೆ ಆಯ್ದುಕೊಂಡದ್ದಾದ್ದರಿಂದ ಸ್ವೇಚ್ಛೆಯ ಕಡೆಗೇ ಹೆಚ್ಚು ವಾಲುತ್ತದೆ ಎಂಬುದು ಅವನ ತೀರ್ಮಾನ. ‘ನನಗೆ ಬೇರೆ ದಾರಿ ಇರಲಿಲ್ಲ’ ಎಂದು ನಾವು ಹೇಳುವ ಎಷ್ಟೋ ಸಂದರ್ಭಗಳು ಈ ಹಡಗಿನವೇ. ಅಜ್ಞಾನದ ನೆಪವನ್ನೂ ಅವನು ಸುಲಭವಾಗಿ ಒಪ್ಪುವುದಿಲ್ಲ. ಕುಡಿದು ಅಪರಾಧ ಮಾಡಿದವನಿಗೆ ಇಮ್ಮಡಿ ದಂಡ ವಿಧಿಸುವ ಕಾನೂನೊಂದನ್ನು ಉಲ್ಲೇಖಿಸಿ, ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತಲ್ಲ ಎನ್ನುತ್ತಾನೆ.

ಕಾನೂನಿನ ಗಡಿ ಬೇರೆ, ನೀತಿಯ ಗಡಿ ಬೇರೆ. ಕಾನೂನು ಬಹುಮಟ್ಟಿಗೆ ಹೊರಗಿನ ನಡೆಯನ್ನು ಹಿಡಿಯುತ್ತದೆ. ನೀತಿಯ ವಿಚಾರಣೆ ಉದ್ದೇಶದವರೆಗೂ ಹೋಗುತ್ತದೆ. ಅಷ್ಟೇ ಅಲ್ಲ, ಕಾನೂನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಗುಲಾಮಗಿರಿ ಶತಮಾನಗಳ ಕಾಲ ಕಾನೂನಿನ ನೆರಳಿನಲ್ಲೇ ನಡೆಯಿತು; ಬ್ರಿಟನ್ನಿನ ಸಂಸತ್ತು ತನ್ನ ವಸಾಹತುಗಳಲ್ಲಿ ಅದನ್ನು ರದ್ದುಗೊಳಿಸುವ ಶಾಸನ ಮಾಡಿದ್ದು 1833ರಲ್ಲಿ. ಅದಕ್ಕೆ ಮೊದಲೇ ಅದನ್ನು ಅನ್ಯಾಯವೆಂದವರು ಯಾವ ಅಳತೆಗೋಲು ಹಿಡಿದು ಹಾಗೆಂದರೋ ಅದು ಶಾಸನಗ್ರಂಥಗಳಲ್ಲಿ ಇರಲಿಲ್ಲ.

ಅಳತೆಗೋಲು ಯಾವುದು ಎಂಬಲ್ಲಿಯೇ ಶಾಸ್ತ್ರಕಾರರ ಜಗಳವೆಲ್ಲ ಇರುವುದು. ನನಗೇ ಎದುರಾದ ಒಂದು ಸಂದರ್ಭವನ್ನು ಹೇಳುತ್ತೇನೆ. ಹಿಂದೊಮ್ಮೆ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಂದು ಪತ್ರಿಕೆಯಲ್ಲಿ ತೇರ್ಗಡೆಗೆ ಒಂದೇ ಅಂಕ ಕಡಿಮೆ ಬಿತ್ತು. ಅಕ್ಷರ ನಡುಗಿದಂತಿತ್ತು; ಕೊನೆಯ ಪುಟದಲ್ಲಿ ಅರ್ಧಕ್ಕೆ ನಿಂತ ವಾಕ್ಯವೊಂದಿತ್ತು. ಕೆಂಪು ಲೇಖನಿ ನನ್ನ ಕೈಯಲ್ಲೇ ಇತ್ತು. ಒಂದು ಅಂಕ ಸೇರಿಸಿದರೆ ಯಾರಿಗೂ ನಷ್ಟವಿಲ್ಲ, ಒಬ್ಬರ ವರ್ಷ ಉಳಿಯುತ್ತದೆ. ಕೆಲಸವನ್ನು ಅದರ ಫಲದಿಂದ ಅಳೆಯಬೇಕೆಂದು 1789ರ ಗ್ರಂಥದಲ್ಲಿ ವಾದಿಸಿದ ಇಂಗ್ಲೆಂಡಿನ ಚಿಂತಕ ಬೆಂಥಮನ ದಾರಿ ಇದು. ಆದರೆ ಅವನೂ ಇಷ್ಟು ಬೇಗ ಒಪ್ಪುತ್ತಿರಲಿಲ್ಲವೆಂದು ತೋರುತ್ತದೆ. ಪರೀಕ್ಷೆಯ ಮೇಲಿನ ನಂಬಿಕೆ ಸವೆದರೆ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೇಳುವ ಪ್ರಶ್ನೆಯೇ ಬೇರೆ. ನೀನು ಯಾವ ಸೂತ್ರದಂತೆ ನಡೆಯುತ್ತೀಯೋ ಅದು ಎಲ್ಲರ ನಿಯಮವೂ ಆಗಲೆಂದು ನೀನು ಇಚ್ಛಿಸಬಲ್ಲೆಯಾ ಎಂಬುದು 1785ರಲ್ಲಿ ಅವನು ಮುಂದಿಟ್ಟ ಒರೆಗಲ್ಲು. ‘ಮರುಕ ಹುಟ್ಟಿದಾಗ ಅಂಕ ಸೇರಿಸಬಹುದು’ ಎಂಬುದನ್ನು ಎಲ್ಲ ಪರೀಕ್ಷಕರ ನಿಯಮವಾಗಿಸಿದರೆ ಅಂಕ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ, ಸೇರಿಸಿಯೂ ಫಲವಿಲ್ಲ. ಕಾಂಟನ ನಿಷ್ಠುರತೆ ನನಗೆ ಎಷ್ಟೋ ಕಡೆ ಒಗ್ಗುವುದಿಲ್ಲ. ಆದರೂ ನನಗೆ ನಾನೇ ಕೊಟ್ಟುಕೊಳ್ಳುವ ರಿಯಾಯಿತಿಯನ್ನು ಬಯಲಿಗೆಳೆಯುವುದರಲ್ಲಿ ಅವನ ಪ್ರಶ್ನೆಯಷ್ಟು ಚುರುಕಾದದ್ದನ್ನು ನಾನು ಕಂಡಿಲ್ಲ. ಅರಿಸ್ಟಾಟಲನಾಗಿದ್ದರೆ ಆ ಒಂದು ಅಂಕವನ್ನು ಬಿಟ್ಟು, ಹೀಗೆ ತಿದ್ದುತ್ತ ತಿದ್ದುತ್ತ ನಾನು ಎಂಥವನಾಗುತ್ತಿದ್ದೇನೆ ಎಂದು ವಿಚಾರಿಸುತ್ತಿದ್ದ.

ಇದಕ್ಕಿಂತ ಹಿಂದಕ್ಕೆ ಹೋಗಿ, ‘ಒಳ್ಳೆಯದು’ ಎಂದರೇನು ಎಂದೇ ಕೇಳುವವರಿದ್ದಾರೆ. ಹಳದಿ ಬಣ್ಣವನ್ನು ಕಾಣದವನಿಗೆ ಮಾತಿನಿಂದ ತಿಳಿಸಲಾಗದಂತೆ ಒಳ್ಳೆಯದನ್ನೂ ಬಿಡಿಸಿ ನಿರೂಪಿಸಲಾಗದು ಎಂದು ಇಂಗ್ಲೆಂಡಿನ ತತ್ತ್ವಜ್ಞಾನಿ ಜಿ. ಇ. ಮೂರ್ 1903ರಲ್ಲಿ ವಾದಿಸಿದ. ಸುಖವೇ ಒಳ್ಳೆಯದು ಎಂದವನನ್ನು, ‘ಸರಿ, ಆ ಸುಖ ಒಳ್ಳೆಯದೇ?’ ಎಂದು ಮತ್ತೆ ಕೇಳಬಹುದಲ್ಲ.

ಇನ್ನೊಂದು ತುದಿಯಲ್ಲಿ ವೃತ್ತಿಗಳ ನೀತಿಯಿದೆ. ಸೆರೆಯಾಳುಗಳ ಮೇಲೆ ಪ್ರಯೋಗ ನಡೆಸಿದ ನಾಜಿ ವೈದ್ಯರ ವಿಚಾರಣೆಯ ತೀರ್ಪಿನೊಡನೆ 1947ರಲ್ಲಿ ಹೊರಬಂದ ನ್ಯೂರೆಂಬರ್ಗ್ ಸಂಹಿತೆಯ ಹತ್ತು ಅಂಶಗಳಲ್ಲಿ ಮೊದಲನೆಯದು, ಪ್ರಯೋಗಕ್ಕೆ ಒಳಗಾಗುವವರು ತಾವಾಗಿ ಕೊಡುವ ಒಪ್ಪಿಗೆಯನ್ನು ಕುರಿತದ್ದು. ಯಾರ ನೋವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಗಡಿಯೂ ಸರಿಯುತ್ತಲೇ ಇದೆ. ಪ್ರಾಣಿಗಳ ವಿಷಯದಲ್ಲಿ, ಅವು ಯೋಚಿಸಬಲ್ಲವೇ, ಮಾತಾಡಬಲ್ಲವೇ ಎಂಬುದಲ್ಲ, ನೋವುಣ್ಣಬಲ್ಲವೇ ಎಂಬುದೇ ಪ್ರಶ್ನೆ ಎಂದು ಬೆಂಥಮ್ ಒಂದು ಅಡಿಟಿಪ್ಪಣಿಯಲ್ಲಿ ಬರೆದ. ಇನ್ನೂ ಹುಟ್ಟದ ಪೀಳಿಗೆಗೆ ನಾವು ಏನಾದರೂ ಸಲ್ಲಿಸಬೇಕಾಗಿದೆಯೇ ಎಂಬ ಚರ್ಚೆ ಈಗ ಆ ಅಡಿಟಿಪ್ಪಣಿಯ ಆಚೆಗೂ ಹೋಗಿದೆ.

ಆ ಪತ್ರಿಕೆಯ ಗತಿ ಏನಾಯಿತೆಂದು ನೀವು ಕೇಳಬಹುದು. ಅದೊಂದನ್ನೇ ಮತ್ತೆ ಓದುವುದು ನ್ಯಾಯವೆನಿಸಲಿಲ್ಲ. ತೇರ್ಗಡೆಗೆ ಒಂದೆರಡು ಅಂಕ ಕಡಿಮೆಯಿದ್ದ ಪತ್ರಿಕೆಗಳನ್ನೆಲ್ಲ ಹೊರತೆಗೆದು, ಅದೇ ಕಣ್ಣಿನಿಂದ ಇನ್ನೊಮ್ಮೆ ಓದಿದೆ. ಒಂದರಲ್ಲಿ ನಾನು ಅಂಕಗಳನ್ನು ಕೂಡಿದ್ದೇ ತಪ್ಪಾಗಿತ್ತು. ಸರಿಪಡಿಸಿದ ಮೇಲೆ ಆ ವಿದ್ಯಾರ್ಥಿ ತೇರ್ಗಡೆಯಾದ. ಅದು ಅರ್ಧ ವಾಕ್ಯಕ್ಕೆ ನಿಂತಿದ್ದ ಪತ್ರಿಕೆಯಾಗಿರಲಿಲ್ಲ.