ಮಳೆಗಾಲಕ್ಕೆ ಮುಂಚೆ, ಜೀಪಿನ ಕೆಳಗೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮನೆ ಕೊಟ್ಟಿಗೆಯ ಪಕ್ಕ ಒಂದು ಶೆಡ್ಡಿದೆ. ಅದರಲ್ಲಿ ಹಳೇ ಜೀಪು ನಿಂತಿದೆ. ಮಹೀಂದ್ರ ಸಿಜೆ-3ಬಿ, ಪೆಟ್ರೋಲ್ ಗಾಡಿ. ಅಪ್ಪಯ್ಯ ಕೊಂಡಿದ್ದು. ಗೊಬ್ಬರದ ಮೂಟೆ, ಅಡಿಕೆ ಗೊನೆ, ಕಾಫಿ ಹಣ್ಣು ಎಲ್ಲ ಹೊತ್ತಿದೆ. ನಡುರಾತ್ರಿ ಹೆರಿಗೆ ನೋವು ಬಂದವರನ್ನು ಹಳ್ಳ ದಾಟಿಸಿ ಕೊಪ್ಪಕ್ಕೆ ಮುಟ್ಟಿಸಿದೆ. ಅಪ್ಪಯ್ಯ ಹೋದ ಮೇಲೆ ಅದನ್ನು ನೋಡಿಕೊಳ್ಳೋ ಕೆಲಸ ನನ್ನ ಪಾಲಿಗೆ ಬಂತು. ಹನ್ನೆರಡು ವರ್ಷವಾಯಿತು. ಈಗ ಆ ಗಾಡಿಯ ಒಂದೊಂದು ಬೋಲ್ಟೂ ನನಗೆ ಗೊತ್ತು.

ದಾರಿಯೇ ಇಲ್ಲದ ಕಡೆ ಓಡುವ ಇಂಥ ಗಾಡಿಯ ಭಾಗಗಳನ್ನು ಮನೆಯಲ್ಲೇ ಹೇಗೆ ತಿಕ್ಕಬೇಕು, ಎಲ್ಲಿ ಬಣ್ಣ ಹೊಡೆಯಬೇಕು, ಎಲ್ಲಿ ಹೊಡೆಯಬಾರದು, ಯಾವುದನ್ನು ಬದಲಾಯಿಸಿದರೆ ಉಪಯೋಗ. ಇವತ್ತು ಇಷ್ಟು ಹೇಳಬೇಕು ಅಂತ ಬಂದಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ಬಾನೆಟ್ಟಿಗೆ ಬಣ್ಣ. ನಮ್ಮ ಸಿಜೆ-3ಬಿಯ ಬಾನೆಟ್ ಬೇರೆ ಹಳೇ ಜೀಪುಗಳಿಗಿಂತ ಎತ್ತರ, ಗಮನಿಸಿದ್ದೀರಾ? ಯುದ್ಧಕಾಲದ ವಿಲ್ಲೀಸ್ ಜೀಪಿನ ಎಂಜಿನ್ ಗಿಡ್ಡ. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವುಗಳನ್ನು ಹೆಡ್ಡಿನ ಮೇಲಕ್ಕೆ ತಂದರು. ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ಆ ಅಗಲವಾದ, ಎದ್ದು ಕಾಣುವ ಬಾನೆಟ್ ಮೇಲೆ ನನಗೆ ತುಂಬಾ ಆಸೆ. ಉಜ್ಜಿದೆ, ಪುಟ್ಟಿ ಹಾಕಿದೆ, ಹಸಿರು ಬಣ್ಣ ಹೊಡೆದೆ. ಬೇಸಿಗೆಯಲ್ಲಿ ಫಳಫಳ ಅಂತಿತ್ತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅಂಚಿನಲ್ಲೆಲ್ಲ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಉಗುರಿನಿಂದ ಒತ್ತಿದರೆ ಒಳಗಿಂದ ಕೆಂಪು ಪುಡಿ.

ನಮಗೆ ಕೆಲಸ ಮಾಡಿಕೊಡುವ ಮೇಸ್ತ್ರಿ ಬಂದು ನೋಡಿದರು. "ಅಮ್ಮಾ, ತುಕ್ಕಿನ ಮೇಲೆ ಬಣ್ಣ ಹೊಡೆದ್ರೆ ಅದಕ್ಕೆ ಕಂಬಳಿ ಹೊದಿಸಿದ ಹಾಗೆ. ಬೆಚ್ಚಗೆ ಬೆಳೀತದೆ" ಅಂದರು. ಆಮೇಲೆ ಒಂದು ಗೋಣಿಚೀಲ ಹಾಸಿ, "ಬನ್ನಿ, ಕೆಳಗೆ ಬಗ್ಗಿ ನೋಡಿ" ಅಂತ ಕರೆದರು.

ಜೀಪಿನ ಫ್ಲೋರ್ ತಗಡಿನ ಕೆಳಗೆ, ಅಡ್ಡಕ್ಕೆ, ಮಡಿಸಿದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಒಳಗೆ ಟೊಳ್ಳು. ಚಕ್ರ ಎರಚಿದ ಕೆಸರು ಅಲ್ಲಿ ಹೋಗಿ ಕೂರುತ್ತದೆ. ನೀರು ಹೋಗಲೆಂದು ಬಿಟ್ಟ ತೂತು ಮುಚ್ಚಿಹೋಗುತ್ತದೆ. ಒದ್ದೆ ಮಣ್ಣು ಒಳಗೇ ತಿಂಗಳುಗಟ್ಟಲೆ ಇರುತ್ತದೆ. ಮೇಸ್ತ್ರಿ ಒಂದು ತಂತಿ ತೆಗೆದುಕೊಂಡು ಆ ತೂತಿಗೆ ಚುಚ್ಚಿದರು. ನೀರು ಇಳಿಯಿತು. ಕಡು ಕೆಂಪು ನೀರು. ನಮ್ಮ ಕಡೆ ಮಣ್ಣೂ ಕೆಂಪೇ ಅಲ್ವಾ, ಮಣ್ಣಿರಬೇಕು ಅಂದೆ. ಅವರು ನನ್ನ ಬೆರಳಿಗೆ ಸ್ವಲ್ಪ ಹಚ್ಚಿ, ಉಜ್ಜಿ ನೋಡಿ ಅಂದರು. ಮಣ್ಣಾಗಿದ್ದರೆ ನುಣ್ಣಗೆ ಜಾರುತ್ತಿತ್ತು. ಇದರಲ್ಲಿ ಸಣ್ಣ ಸಣ್ಣ ಚಕ್ಕೆ ಸಿಕ್ಕಿತು. ನಾನು ಬಾನೆಟ್ಟಿಗೆ ಪಾಲಿಶ್ ಹಾಕುತ್ತಿದ್ದಾಗ ಜೀಪು ಕೆಳಗಿಂದ ಕರಗುತ್ತಿತ್ತು.

ಆವತ್ತಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಶುರು. ಕಣ್ಣಿಗೆ ಕಾಣುವ ಜಾಗ ಕೊನೆಗೆ. ನಮ್ಮಿಂದ ಸ್ವಲ್ಪ ದೂರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಕಬ್ಬಿಣ ಇಟ್ಟುಕೊಂಡವರು ಬೇರೆ ಥರ ಯೋಚಿಸೋಕಾಗಲ್ಲ.

ಕೆಲವರು ಮಳೆಗಾಲಕ್ಕೆ ಮುಂಚೆ ಗಾಡಿ ಕೆಳಗೆಲ್ಲ ಸುಟ್ಟ ಆಯಿಲ್ ಹೊಡೆಯುತ್ತಾರೆ. ದಯವಿಟ್ಟು ಬೇಡ. ಆಯಿಲ್ ಬಿದ್ದರೆ ರಬ್ಬರ್ ಬುಷ್ಷುಗಳು ಊದಿಕೊಂಡು ಮೆತ್ತಗಾಗುತ್ತವೆ. ಮಳೆಗೆ ತೊಳೆದುಹೋದದ್ದು ಸೀದಾ ತೋಟಕ್ಕೆ, ಅಲ್ಲಿಂದ ಹಳ್ಳಕ್ಕೆ. ಆ ಹಳ್ಳದ ನೀರನ್ನೇ ನಮ್ಮ ದನ ಕುಡಿಯೋದು.

ಈಗ ತುಕ್ಕು ತೆಗೆಯುವ ವಿಷಯ. ಬಿಚ್ಚಿ ತೆಗೆಯಬಹುದಾದ ಕಬ್ಬಿಣದ ಸಣ್ಣ ಭಾಗಗಳಿಗೆ ನಾನು ಬಳಸೋದು ಕಾಕಂಬಿ. ದನಕ್ಕೆ ಹಿಂಡಿಯ ಜೊತೆ ಕಲಸುತ್ತೇವಲ್ಲ, ಅದೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ, ಗ್ರೀಸ್ ಎಲ್ಲ ತೊಳೆದ ಭಾಗಗಳನ್ನು ಮುಳುಗಿಸಿಡಿ. ಒಂದು ವಾರ, ತುಕ್ಕು ದಪ್ಪಗಿದ್ದರೆ ಎರಡು ವಾರ. ನೊರೆ ಬರುತ್ತದೆ, ಹುಳಿ ವಾಸನೆ ಬರುತ್ತದೆ. ಮನೆಯಿಂದ ದೂರ ಇಡಿ. ಕಾಕಂಬಿ ನಿಧಾನವಾಗಿ ತುಕ್ಕನ್ನು ಹಿಡಿದು ಬಿಡಿಸುತ್ತದೆ, ಒಳ್ಳೆಯ ಕಬ್ಬಿಣದ ತಂಟೆಗೆ ಅಷ್ಟಾಗಿ ಹೋಗಲ್ಲ. ಬಾಗಿಲಿನ ಕೀಲು, ಹುಕ್ಕು, ಬ್ರಾಕೆಟ್ಟು ಎಲ್ಲ ಬೂದು ಬಣ್ಣದ ಹಸಿ ಕಬ್ಬಿಣವಾಗಿ ಹೊರಬರುತ್ತವೆ. ಮೊದಲ ಸಲ ನೋಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಆದರೆ ಅಲ್ಯೂಮಿನಿಯಂ, ಸತು ಇರುವ ಯಾವುದನ್ನೂ ಅದಕ್ಕೆ ಹಾಕಬೇಡಿ. ಹೊರತೆಗೆದ ತಕ್ಷಣ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಆವತ್ತೇ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಅಡಿಲೇಪ, ಹಚ್ಚಬೇಕು. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಮತ್ತೆ ಕೆಂಪು.

ಬಿಚ್ಚಲಾಗದ ಜಾಗಕ್ಕೆ ತಂತಿ ಬ್ರಷ್ಷು, ಆಮೇಲೆ ರಸ್ಟ್ ಕನ್ವರ್ಟರ್. ಇದರ ಕೆಲಸ ಅಡಿಕೆ ಬೆಳೆಯುವವರಿಗೆ ಬೇಗ ಅರ್ಥವಾಗುತ್ತದೆ. ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗೋದನ್ನು ನೋಡಿದ್ದೀರಲ್ವಾ? ಅಡಿಕೆಯ ಚೊಗರಿನಲ್ಲಿ ಟ್ಯಾನಿನ್ ಇದೆ. ಅದು ಕಬ್ಬಿಣದ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಕನ್ವರ್ಟರುಗಳಲ್ಲೂ ಇದೇ ಟ್ಯಾನಿನ್. ಇನ್ನು ಕೆಲವದರಲ್ಲಿ ಫಾಸ್ಫಾರಿಕ್ ಆಸಿಡ್. ಅಂಟಿಕೊಂಡು ಉಳಿದ ತೆಳು ತುಕ್ಕನ್ನು ಗಟ್ಟಿ ಕಪ್ಪು ಪದರ ಮಾಡಿ ನಿಲ್ಲಿಸುತ್ತವೆ. ಚಕ್ಕೆ ಏಳುವ ತುಕ್ಕಿದ್ದರೆ ಮಾತ್ರ ಮೊದಲು ಕೆರೆದು ತೆಗೆಯಲೇಬೇಕು. ಕಮಾನು ಪಟ್ಟಿಗಳಿಗೆ ಜೋರು ಆಸಿಡ್ ತಾಗಿಸಬೇಡಿ, ಸ್ಪ್ರಿಂಗಿನ ಉಕ್ಕು ಒಳಗೇ ಬಿರುಸಾಗಿ ಒಂದು ದಿನ ಟಪ್ಪಂತ ಮುರಿಯಬಹುದು.

ಪ್ರೈಮರ್ ವಿಷಯದಲ್ಲಿ ಒಂದು ಮಾತು. ರೆಡ್ ಆಕ್ಸೈಡ್ ಹೊಡೆದರೆ ಮುಗೀತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಗೇಟಿಗೆ, ಕಿಟಕಿ ಸರಳಿಗೆ ಬರೀ ಅದನ್ನೇ ಹೊಡೆದು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಬರೀ ಪ್ರೈಮರ್ ನೀರನ್ನು ಒಳಗೆ ಬಿಡುತ್ತದೆ. ಮೇಲೆ ಬಣ್ಣ ಬಿದ್ದರೇನೇ ಅದಕ್ಕೆ ಕಾವಲು. ಜೀಪಿನ ಕೆಳಭಾಗಕ್ಕೆ ನಾನು ಈಗ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಬಳಸುತ್ತೇನೆ. ಎರಡನ್ನೂ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಬೇಕು. ಕಣ್ಣಳತೆ ಬೇಡ. ಟೊಳ್ಳು ಪಟ್ಟಿಗಳ ಒಳಗೆ ಬ್ರಷ್ ಹೋಗಲ್ಲ. ಅಲ್ಲಿಗೆ ಉದ್ದ ಕೊಳವೆಯ ಸ್ಪ್ರೇಯಲ್ಲಿ ಮೇಣ. ಅದು ಗಟ್ಟಿಯಾಗಲ್ಲ, ಬಿರುಕಿಗೂ ಹರಿದು ಸೇರಿಕೊಳ್ಳುತ್ತದೆ.

ಬಣ್ಣ ಹೊಡೆಯೋಕೆ ನಮ್ಮ ಕಡೆ ಮಾರ್ಚ್ ತಿಂಗಳೇ ಸರಿ. ಅದೂ ಬಿಸಿಲೇರಿದ ಮೇಲೆ. ಇಬ್ಬನಿ ಇರುವ ಬೆಳಿಗ್ಗೆ ಸ್ಪ್ರೇ ಮಾಡಿದರೆ ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ಪಸೆ ಅದರ ಮೇಲೆ ಕೂರುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಗಟ್ಟಿಯಾಗಲೆಂದು ಹಾರ್ಡನರ್ ಕಲಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮಾತ್ರ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಆ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಮೂಗಿಗೆ ಟವಲ್ ಕಟ್ಟಿಕೊಂಡರೆ ಏನೂ ಉಪಯೋಗವಿಲ್ಲ. ಸ್ಪ್ರೇ ಮಾಡೋಕೆ ಅಂತಲೇ ಕಟ್ಟಿದ ಬೂತ್ ಇರುವ ಕಡೆ ಕೊಟ್ಟುಬಿಡಿ. ಪೌಡರ್ ಕೋಟಿಂಗ್ ಕೂಡ ಹಾಗೇ. ಪುಡಿಯನ್ನು ಕರೆಂಟಿನ ಸೆಳೆತದಿಂದ ಅಂಟಿಸಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸಬೇಕು. ಅಡುಗೆ ಮನೆಯ ಓವನ್ ಅದಕ್ಕಲ್ಲ.

ಇನ್ನು ಹೊಳಪಿನ ಮಾತು. ನನಗೆ ತುಂಬಾ ಇಷ್ಟವಾದ ಕೆಲಸ ಇದು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ನಮ್ಮ ಜೀಪಿಗೆ ಈಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇದೆ. ಅದರ ಹೊರ ಮುಚ್ಚಳ ಅಲ್ಯೂಮಿನಿಯಂ. ಒಮ್ಮೆ ಅದರ ಮೇಲಿನ ಹಳೇ ಬಣ್ಣ ತೆಗೆಯೋಕೆ ಕಾಸ್ಟಿಕ್ ಸೋಡಾ ನೀರಿಗೆ ಹಾಕಿದೆ. ಕಬ್ಬಿಣಕ್ಕೆ ಹಾಗೆ ಮಾಡಿ ಅಭ್ಯಾಸವಾಗಿತ್ತು. ನೀರು ಕುದಿದ ಹಾಗೆ ಬುರುಗು ಬಂತು, ಬಕೆಟ್ ಬಿಸಿಯಾಯಿತು. ಮುಚ್ಚಳ ಕಪ್ಪಾಗಿ, ಅಂಚು ತಿಂದುಹೋಗಿತ್ತು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕರಗಿಸಿಬಿಡುತ್ತದೆ, ಜೊತೆಗೆ ಬೆಂಕಿ ಹಿಡಿಯುವ ಹೈಡ್ರೋಜನ್ ಬಿಡುತ್ತದೆ. ಬೇರೆ ಮುಚ್ಚಳ ಹುಡುಕೋಕೆ ಎರಡು ತಿಂಗಳಾಯಿತು. ನಿಮಗೆ ಹಾಗಾಗುವುದು ಬೇಡ.

ಹೊಸ ಮುಚ್ಚಳ ಸಿಕ್ಕ ಮೇಲೆ ಕೈಯಲ್ಲೇ ಉಜ್ಜಿದೆ. ಮೊದಲು 220 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. ಆಮೇಲೆ 400, 800, 1200, ಕೊನೆಗೆ 2000. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಒಂದು ಪೇಪರಿನಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ ಉಜ್ಜಬೇಕು. ಆಗ ಹಿಂದಿನ ಗೀರು ಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ಹೋಗದೆ ಮುಂದಿನ ನಂಬರಿಗೆ ಹೋದರೆ ಆ ಗೀರು ಕೊನೆವರೆಗೂ ಇಣುಕುತ್ತದೆ. 800ರ ತನಕ ಬರೀ ಬೂದಿ ಬಣ್ಣ, ಬೇಜಾರು ಬರುತ್ತದೆ. 1200 ದಾಟಿದಾಗ ಎಲ್ಲೋ ಒಂದು ಮೂಲೆಯಲ್ಲಿ ಕಿಟಕಿಯ ಬೆಳಕು ಕಾಣಿಸುತ್ತದೆ. ಆಮೇಲೆ ಬಟ್ಟೆಯ ಬಫ್, ಪಾಲಿಶ್ ಸೋಪು. ಬಟ್ಟೆ ಕಪ್ಪಾಗುತ್ತಾ ಹೋದ ಹಾಗೆ ಲೋಹ ಬೆಳ್ಳಗಾಗುತ್ತಾ ಬರುತ್ತದೆ. ಕೊನೆಗೆ ಅದರಲ್ಲಿ ನನ್ನ ಮುಖ, ಶೆಡ್ಡಿನ ಹೆಂಚು, ಹೊರಗಿನ ಹಲಸಿನ ಮರ ಎಲ್ಲ ಕಂಡಿತು. ಮಗಳನ್ನು ಕೂಗಿ ಕರೆದು ತೋರಿಸಿದೆ.

ಈಗೀಗ ತೋಟಗಳಲ್ಲಿ, ಹೋಂಸ್ಟೇಗಳಲ್ಲಿ ನಾಲ್ಕು ದಪ್ಪ ಟೈರಿನ ಎಟಿವಿಗಳೂ ಬಂದಿವೆ. ಅವುಗಳಲ್ಲಿ ಅಲ್ಯೂಮಿನಿಯಂ ಭಾಗಗಳು ಜಾಸ್ತಿ. ಕೆಲವು ಭಾಗಗಳಿಗೆ ಅನೋಡೈಸ್ ಮಾಡಿರುತ್ತಾರೆ. ಅಂದರೆ ಲೋಹದ್ದೇ ಆಕ್ಸೈಡ್ ಪದರವನ್ನು ಬೇಕಂತಲೇ ದಪ್ಪ ಬೆಳೆಸಿರುತ್ತಾರೆ. ಕನ್ನಡಿ ಹೊಳಪು ಬೇಕು ಅಂತ ಉಜ್ಜಿದರೆ ಆ ಕವಚವೇ ಹೋಗುತ್ತದೆ. ಅದನ್ನು ಹಾಗೇ ತೊಳೆದು ಇಟ್ಟುಕೊಳ್ಳಿ. ಇನ್ನೊಂದು, ಕಬ್ಬಿಣ ಉಜ್ಜುವ ಗ್ರೈಂಡರಿನಲ್ಲಿ ಅಲ್ಯೂಮಿನಿಯಂ ಉಜ್ಜಬೇಡಿ. ಅಲ್ಯೂಮಿನಿಯಂ ಪುಡಿ, ತುಕ್ಕಿನ ಪುಡಿ ಎರಡೂ ಬೆರೆತಿರುವಲ್ಲಿಗೆ ಕಿಡಿ ಬಿದ್ದರೆ ನೀರಿಗೂ ಆರದ ಬೆಂಕಿ ಹತ್ತಬಹುದು.

ಬದಲಾಯಿಸಿದ್ದರಲ್ಲಿ ನನಗೆ ನೆಮ್ಮದಿ ಕೊಟ್ಟದ್ದು ಎರಡೇ. ಒಂದು, ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದು. ಏರಿನಲ್ಲಿ ನಿಧಾನ ಹೋಗುವಾಗಲೂ ಬ್ಯಾಟರಿ ಚಾರ್ಜ್ ಆಗುತ್ತದೆ. ಇನ್ನೊಂದು, ಹೆಡ್‌ಲೈಟಿಗೆ ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಹಳೇ ಜೀಪಿನಲ್ಲಿ ಲೈಟಿನ ಕರೆಂಟೆಲ್ಲ ಸಣಕಲು ವೈರಿನಲ್ಲಿ, ಸವೆದ ಸ್ವಿಚ್ಚಿನ ಮೂಲಕ ಸುತ್ತಿ ಬರಬೇಕು. ದಾರಿಯಲ್ಲೇ ಸೊರಗುತ್ತದೆ. ರಿಲೇ ಹಾಕಿ, ಫ್ಯೂಸ್ ಇಟ್ಟು, ಬ್ಯಾಟರಿಯಿಂದ ನೇರ ದಪ್ಪ ವೈರ್ ಕೊಟ್ಟರೆ ಅದೇ ಬಲ್ಬು ಎಷ್ಟೋ ಜೋರಾಗಿ ಉರಿಯುತ್ತದೆ. ಮಂಜು ಮುಸುಕಿದ ಘಾಟಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಹಾಗಿದ್ದೂ ಒಂದು ವರ್ಷ ಬಣ್ಣವೆಲ್ಲ ಮುಗಿಸಿ ಸ್ವಿಚ್ ಒತ್ತಿದರೆ ಲೈಟು ಮಿಣಿಮಿಣಿ. ಹಾರ್ನ್ ಇಲ್ಲ. ಬಲ್ಬು ನೋಡಿದೆ, ಫ್ಯೂಸ್ ನೋಡಿದೆ, ಎಲ್ಲ ಸರಿ ಇದೆ. ಅರ್ಧ ದಿನ ಹೋಯಿತು. ಆಮೇಲೆ ಹೊಳೆಯಿತು. ಗಾಡಿಯಲ್ಲಿ ಕರೆಂಟು ವಾಪಸ್ ಬರುವ ದಾರಿ ಬಾಡಿಯ ಕಬ್ಬಿಣವೇ. ಅರ್ತ್ ವೈರ್ ಕೂರುವ ಜಾಗಕ್ಕೂ ನಾನು ಎರಡು ಕೋಟ್ ಎಪಾಕ್ಸಿ ಬಳಿದಿದ್ದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ಹಸಿ ಕಬ್ಬಿಣ ತೆಗೆದು, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದೆ. ಲೈಟು ಝಗ್ಗಂತ ಬಂತು. ಈಗ ಬಣ್ಣಕ್ಕೆ ಮುಂಚೆ ಅಂಥ ಜಾಗಕ್ಕೆಲ್ಲ ಟೇಪ್ ಹಚ್ಚುತ್ತೇನೆ. ಬ್ರೇಕ್ ಡ್ರಮ್ಮಿನ ಒಳಮೈ, ಗ್ರೀಸ್ ನಿಪ್ಪಲ್, ರಬ್ಬರ್ ಪೈಪು, ಇವುಗಳಿಗೂ ಬಣ್ಣ ತಾಗಬಾರದು.

ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇದೆ. ಅದನ್ನು ಇಳಿಸಿ ದೂರ ಇಟ್ಟ ಮೇಲೇ ಗ್ರೈಂಡರ್ ಮುಟ್ಟಿ. ಖಾಲಿ ಟ್ಯಾಂಕೂ ಸಿಡಿಯುತ್ತದೆ, ಒಳಗಿನ ಆವಿಯೇ ಸಾಕು. ದೊಡ್ಡ ಬದಲಾವಣೆ ಮಾಡಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿಡಿ. ಎಂಜಿನ್ ಬದಲಾಯಿಸುವುದಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಕಳೆದ ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹೊಡೆದ ದಿನ ಕೆಳಗಿನ ಗದ್ದೆಗೆ ಹೋಗಿ ಬಂದೆ. ಗಾಡಿ ಶೆಡ್ಡಿಗೆ ಹಾಕಿ, ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಕೆಳಗೆ ನುಗ್ಗಿದೆ. ಟೊಳ್ಳು ಪಟ್ಟಿಯ ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗೈ ಒಡ್ಡಿದೆ. ಒಂದಿಷ್ಟು ಕೆಂಪಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ. ನುಣ್ಣಗೆ ಜಾರಿತು. ಬರೀ ಮಣ್ಣು.

ನಮಸ್ಕಾರ.