ಮಾತ್ರೆ ನುಂಗುವುದು ಮನೆಯಲ್ಲಿ

ಕೇಳುಗರಿಗೆ ನಮಸ್ಕಾರ.

ಎಚ್‌ಐವಿಗೆ ಔಷಧ ಆಸ್ಪತ್ರೆಯಲ್ಲಿ ಸಿಗುತ್ತದೆ. ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಿಂದ ಸರ್ಕಾರವೇ ಅದನ್ನು ಉಚಿತವಾಗಿ ಕೊಡುತ್ತಿದೆ. ಮೊದಲ ಹಂತದಲ್ಲಿ ಆ ಸೌಲಭ್ಯ ಪಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಆ ಮಾತ್ರೆಯನ್ನು ನುಂಗಬೇಕಾದದ್ದು ಮನೆಯಲ್ಲಿ. ದಿನವೂ, ತಪ್ಪದೆ, ಬದುಕಿರುವಷ್ಟು ಕಾಲ. ಅತ್ತೆ ಎದುರಿಗೇ ಕುಳಿತಿದ್ದಾರೆ, ನೆಂಟರು ಬಂದಿದ್ದಾರೆ, "ಅದೇನಮ್ಮ?" ಎಂದು ಮಗ ಕೇಳುತ್ತಾನೆ. ಎಆರ್‌ಟಿ ಕೇಂದ್ರದಿಂದ, ಅಂದರೆ ಎಚ್‌ಐವಿ ಔಷಧ ಕೊಡುವ ಕೇಂದ್ರದಿಂದ, ಮಾತ್ರೆ ಪಡೆದು ಬಸ್ಸಿನಲ್ಲಿ ಊರಿಗೆ ಮರಳುವ ಹೆಂಗಸು ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತುಹಾಕುತ್ತಾಳೆ. ಗಲಗಲ ಸದ್ದಾಗದಿರಲಿ ಎಂದು ಒಳಗೆ ಹತ್ತಿ ತುರುಕುತ್ತಾಳೆ. ವೈದ್ಯರ ಕೆಲಸ ಆ ಡಬ್ಬಿಯನ್ನು ಕೊಡುವಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಆ ಮನೆಗೆ ಹೋಗುವವರು ಯಾರು, ಹೊಸ್ತಿಲು ದಾಟಿ ಒಳಗೆ ಕೂರುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿದ ಕೆಲವು ಚರ್ಚುಗಳ ವಿಷಯವನ್ನು ಇಂದು ಹೇಳುತ್ತೇನೆ. ಅದಕ್ಕಾಗಿ ಮೊದಲು ಉಗಾಂಡ ದೇಶಕ್ಕೆ ಹೋಗೋಣ.

1980ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ಸರೋವರದ ದಂಡೆಯ ರಕಾಯಿ ಜಿಲ್ಲೆಯಲ್ಲಿ ಜನ ಸೊರಗಿ ಸೊರಗಿ ಸಾಯತೊಡಗಿದರು. ಕಾಯಿಲೆಯ ಹೆಸರು ಯಾರಿಗೂ ತಿಳಿಯದು. ಮೈ ಇಳಿದುಹೋಗುವುದನ್ನು ಕಂಡು 'ಸ್ಲಿಮ್' ಎಂದು ಕರೆದರು. ದುಡಿಯುವ ವಯಸ್ಸಿನ ಗಂಡಹೆಂಡಿರು ಒಬ್ಬರ ಹಿಂದೊಬ್ಬರು ಹೋದರು. ಮೊಮ್ಮಕ್ಕಳು ಅಜ್ಜಿಯರ ಪಾಲಿಗೆ ಬಂದರು. ಆಗ ಅನೇಕ ಪ್ರಸಂಗಪೀಠಗಳಿಂದ ಕೇಳಿಬಂದದ್ದು 'ಪಾಪದ ಸಂಬಳ ಮರಣ' ಎಂಬ ಬೈಬಲಿನ ಮಾತು. ಸತ್ತವರ ಮನೆಯವರು ಕೆಳಗೆ ಬೆಂಚಿನ ಮೇಲೆ ಬಾಯಿ ಬಿಡದೆ ಕುಳಿತು ಅದನ್ನು ಕೇಳಬೇಕಾಗಿತ್ತು. ಸಭೆಯ ಒಳಗಿನವಳಾಗಿಯೇ ಹೇಳುತ್ತೇನೆ, ಕ್ರೈಸ್ತರಾದ ನಾವು ಇದನ್ನು ಮರೆಯಬಾರದು.

ಆ ಮೌನವನ್ನು ಮುರಿದವರಲ್ಲಿ ಒಬ್ಬರು ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶ. ಅವರ ಹೆಂಡತಿ 1991ರಲ್ಲಿ ತೀರಿಕೊಂಡರು. ಅದಕ್ಕೆ ಕಾರಣ ಏಡ್ಸ್ ಎಂಬುದು ಅವರಿಗೆ ತಿಳಿದದ್ದು ಆಮೇಲೆ. 1992ರಲ್ಲಿ ತಮ್ಮ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಸೋಂಕು ಅವರಿಗೂ ಇತ್ತು. ಮುಚ್ಚಿಡಬಹುದಿತ್ತು. ಅವರು ಮುಚ್ಚಿಡಲಿಲ್ಲ. ತನಗೆ ಎಚ್‌ಐವಿ ಇದೆ ಎಂದು ಬಹಿರಂಗವಾಗಿ ಹೇಳಿದ ಆಫ್ರಿಕಾದ ಮೊದಲ ಪಾದ್ರಿ ಎಂದೇ ಅವರನ್ನು ಗುರುತಿಸುತ್ತಾರೆ. ಅವರ ಚರ್ಚು ಅವರ ಪಾದ್ರಿ ಪದವಿಯನ್ನು ಕಿತ್ತುಕೊಳ್ಳಲಿಲ್ಲ. ನಮಿರೆಂಬೆ ಧರ್ಮಪ್ರಾಂತ್ಯ ಅವರನ್ನು ಏಡ್ಸ್ ಕುರಿತ ಕೆಲಸದಲ್ಲೇ ತೊಡಗಿಸಿತು. ಮುಂದೆ ಅವರು ಸೋಂಕಿನೊಂದಿಗೇ ಬದುಕುತ್ತಿದ್ದ ಒಬ್ಬ ವಿಧವೆಯನ್ನು ಮದುವೆಯಾದರು, ಸೋಂಕಿಲ್ಲದ ಮಕ್ಕಳನ್ನು ಪಡೆದರು. ಸೋಂಕಿರುವ ಬೇರೆ ಧರ್ಮಗುರುಗಳನ್ನೂ ಕಲೆಹಾಕಿ ಒಂದು ಜಾಲ ಕಟ್ಟಿದರು. ಅದರಲ್ಲಿ ಮುಸ್ಲಿಂ ಧರ್ಮಗುರುಗಳೂ ಇದ್ದರು.

ಅಂಥ ಮನುಷ್ಯ ಪೀಠದ ಮೇಲೆ ನಿಂತ ದಿನ ಕೆಳಗೆ ಕುಳಿತ ಸೋಂಕಿತ ಕುಟುಂಬಕ್ಕೆ ಏನನ್ನಿಸಿರಬಹುದು, ಯೋಚಿಸಿ. ತಮ್ಮ ಮೇಲೆ ತೀರ್ಪು ಹೇಳುತ್ತಿದ್ದ ಜಾಗದಲ್ಲಿ ತಮ್ಮವನೇ ಒಬ್ಬ ನಿಂತಿದ್ದಾನೆ.

ಇನ್ನೊಂದು ಚರ್ಚು ಉಗಾಂಡದ ರಾಜಧಾನಿ ಕಂಪಾಲಾದ ಮ್ಬುಯಾ ಎಂಬ ಗುಡ್ಡದ ಮೇಲಿದೆ. ಅದು ಕ್ಯಾಥೊಲಿಕ್ ಚರ್ಚು. ಆ ಭಾಗದ ಕೊಳೆಗೇರಿಗಳಲ್ಲಿ, ದೇಶದ ಉತ್ತರ ಭಾಗದ ಯುದ್ಧಕ್ಕೆ ಬೆದರಿ ಬಂದು ಕಲ್ಲು ಒಡೆದು ಹೊಟ್ಟೆ ಹೊರೆಯುವ ಜನರೂ ಇದ್ದಾರೆ. 2001ರಲ್ಲಿ ಅಲ್ಲಿನ ಧರ್ಮಗುರು ಮತ್ತು ಡೆನ್ಮಾರ್ಕಿನ ಒಬ್ಬ ವೈದ್ಯೆ ಸೇರಿ ಬೆರಳೆಣಿಕೆಯ ರೋಗಿಗಳೊಂದಿಗೆ ಕೆಲಸ ಶುರುಮಾಡಿದರು. ಈ ಕೆಲಸದಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟ ಸಂಗತಿ ಒಂದಿದೆ. ಔಷಧ ತೆಗೆದುಕೊಂಡು ಚೇತರಿಸಿಕೊಂಡವರಿಗೇ ತರಬೇತಿ ಕೊಟ್ಟು, ಅವರನ್ನೇ ಹೊಸ ರೋಗಿಗಳ ಮನೆಗೆ ಕಳುಹಿಸಿದರು. ಬಂದವಳು ಚಾಪೆಯ ಮೇಲೆ ಕೂರುತ್ತಾಳೆ, ಡಬ್ಬಿ ತೆರೆದು ಉಳಿದ ಮಾತ್ರೆಗಳನ್ನು ಎಣಿಸುತ್ತಾಳೆ. ಲೆಕ್ಕ ತಪ್ಪಿದ್ದರೆ ಬೈಯುವುದಿಲ್ಲ, ಏಕೆ ತಪ್ಪಿತು ಎಂದು ವಿಚಾರಿಸುತ್ತಾಳೆ. ಮಾತ್ರೆ ನುಂಗಿದರೆ ಹಸಿವಾಗುತ್ತದೆ, ಮನೆಯಲ್ಲಿ ಹಿಟ್ಟಿಲ್ಲ ಎಂಬುದು ಹೊರಬರುವುದು ಆಗ. ಗಂಡನಿಗೆ ಇನ್ನೂ ಹೇಳಿಲ್ಲ ಎಂಬುದು ಹೊರಬರುವುದೂ ಆಗಲೇ. ತಾನೂ ಇದೇ ಮಾತ್ರೆ ನುಂಗುವವಳು ಎದುರಿಗೆ ಕುಳಿತಿರುವಾಗ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ಇದರ ಜೊತೆಗೆ ಹೊಲಿಗೆ ಕೆಲಸ, ಮಕ್ಕಳ ಶಾಲೆಯ ಶುಲ್ಕ, ಸಣ್ಣ ಸಾಲದ ವ್ಯವಸ್ಥೆಯೂ ಬೆಳೆಯಿತು. ಒಬ್ಬ ರೋಗಿಯನ್ನು ನೋಡಿಕೊಳ್ಳಬೇಕಾದರೆ ಇಡೀ ಮನೆಯನ್ನು ನೋಡಿಕೊಳ್ಳಬೇಕಾಗುತ್ತದೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡರು.

ತಾಯಿಯಿಂದ ಮಗುವಿಗೆ ಸೋಂಕು ಹರಡುವ ವಿಷಯದಲ್ಲಂತೂ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ನೂರು ಶಿಶುಗಳಲ್ಲಿ 15ರಿಂದ 45ಕ್ಕೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆ ಇದ್ದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಬಸುರಿಯಾಗಿ, ಹೆತ್ತು, ಹಾಲೂಡಿಸುವ ಅಷ್ಟೂ ತಿಂಗಳು ಆ ತಾಯಿ ಮಾತ್ರೆ ಬಿಡಬಾರದು. ಮನೆಯವರಿಂದ ಬಚ್ಚಿಟ್ಟುಕೊಂಡು ಇದನ್ನು ಮಾಡುವುದು ಎಷ್ಟು ಕಷ್ಟ ಎಂಬುದು ಬಾಣಂತನ ಮಾಡಿದ ಯಾವ ಹೆಂಗಸಿಗೂ ಗೊತ್ತು. ಬಾಣಂತಿಗೆ ಒಂಟಿಯಾಗಿರಲು ಒಂದು ಗಳಿಗೆಯೂ ಸಿಗುವುದಿಲ್ಲ.

ಚರ್ಚಿನ ಹೆಸರಿನಲ್ಲಿ ಕೇಡೂ ಆಗಿದೆ. "ನಿನಗೆ ವಾಸಿಯಾಗಿದೆ, ಮಾತ್ರೆ ಬಿಡು, ವಿಶ್ವಾಸ ಸಾಕು" ಎಂದು ಹೇಳಿ ಜನರ ಔಷಧ ಬಿಡಿಸಿದ ಬೋಧಕರು ಆಫ್ರಿಕಾದಲ್ಲಿ ಇದ್ದರು, ಇಂಥವರು ನಮ್ಮಲ್ಲಿಯೂ ಇದ್ದಾರೆ. ಮಾತ್ರೆ ಬಿಟ್ಟರೆ ರಕ್ತದಲ್ಲಿ ವೈರಸ್ ಮತ್ತೆ ಹೆಚ್ಚುತ್ತದೆ. ಬಿಟ್ಟು ಹಿಡಿದು ಮಾಡಿದರೆ ಔಷಧಕ್ಕೇ ಅದು ಬಗ್ಗದಂತಾಗಬಹುದು. ಪ್ರಾರ್ಥನೆ ಮಾಡೋಣ, ಮಾತ್ರೆಯನ್ನೂ ನುಂಗೋಣ. ಔಷಧ ಬಿಡಿ ಎನ್ನುವವರು ಯಾರೇ ಆಗಿರಲಿ, ಅವರ ಮಾತನ್ನು ದಯವಿಟ್ಟು ಕೇಳಬೇಡಿ.

ನಮ್ಮ ಕರ್ನಾಟಕದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಅನೇಕ ಮನೆಗಳು ಈ ನೋವನ್ನು ಉಂಡಿವೆ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ರೋಗಿಗಳ ಸೇವೆಗೆ ಮುಡಿಪಾದ ಕಮಿಲಿಯನ್ ಎಂಬ ಕ್ಯಾಥೊಲಿಕ್ ಗುರುಗಳ ಸಂಸ್ಥೆ 'ಸ್ನೇಹದಾನ್' 1990ರ ದಶಕದಿಂದಲೂ ಸೋಂಕಿತರ ಆರೈಕೆ ಮಾಡುತ್ತಿದೆ. ಇಂಥ ಸಂಸ್ಥೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಇಂದು ನಾನು ಕೇಳಿಕೊಳ್ಳುತ್ತಿರುವುದು ಸಾಮಾನ್ಯ ಸಭೆಗಳನ್ನು, ಭಾನುವಾರ ಮಾತ್ರ ತುಂಬುವ ಊರಿನ ಚಿಕ್ಕ ಚರ್ಚುಗಳನ್ನು.

ಮೊದಲನೆಯದಾಗಿ ಪ್ರಭುಭೋಜನದ ಪಾತ್ರೆ, ಅಂದರೆ ಆರಾಧನೆಯಲ್ಲಿ ಎಲ್ಲರೂ ದ್ರಾಕ್ಷಾರಸ ಹಂಚಿಕೊಳ್ಳುವ ಪಾತ್ರೆ. ಅದೇ ಪಾತ್ರೆಯಿಂದ ಸೋಂಕಿತರು ಕುಡಿದರೆ ತಮಗೂ ತಗಲುತ್ತದೆ ಎಂಬ ಭಯ ಇಂದಿಗೂ ಹೋಗಿಲ್ಲ. ಎಂಜಲಿನಿಂದ, ಒಂದೇ ಲೋಟದಿಂದ, ಕೈಕುಲುಕುವುದರಿಂದ ಎಚ್‌ಐವಿ ಹರಡುವುದಿಲ್ಲ. ಚಿಕಿತ್ಸೆ ಸರಿಯಾಗಿ ನಡೆದು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದವರಿಂದ ಅವರ ಸಂಗಾತಿಗೂ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಇದನ್ನು ಸಭಾಪಾಲಕರು ಪೀಠದಿಂದಲೇ, ಕಾಯಿಲೆಯ ಹೆಸರು ಹಿಡಿದು ಹೇಳಬೇಕು. ಕರಪತ್ರ ಹಂಚಿ ಸುಮ್ಮನಾದರೆ ಸಾಲದು.

ಇನ್ನು ಪ್ರಾರ್ಥನಾ ಕೂಟ. "ಇಂಥ ಸಹೋದರಿಗೆ ಇಂಥ ಕಾಯಿಲೆ ಬಂದಿದೆ, ಅವರಿಗಾಗಿ ಪ್ರಾರ್ಥಿಸೋಣ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮರುವಾರ ಆ ಮನೆಯವರು ಚರ್ಚಿಗೆ ಬರುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನಂಬಿ ಹೇಳಿದ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬಯಲುಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಶಾಲೆಯಲ್ಲಿ, ಕೆಲಸದಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡುವಂತಿಲ್ಲ ಎಂದೂ ಹೇಳುತ್ತದೆ. ಹೆಸರು ಹೇಳದೆಯೂ ಪ್ರಾರ್ಥಿಸಬಹುದು. ದೇವರಿಗೆ ಹೆಸರು ಗೊತ್ತಿರುತ್ತದೆ.

ಕೊನೆಗೆ ಸ್ತ್ರೀಯರ ಕೂಟದ ಸಹೋದರಿಯರಲ್ಲಿ ಒಂದು ಮಾತು. ಎಆರ್‌ಟಿ ಕೇಂದ್ರಕ್ಕೆ ಹೋಗುವ ದಿನ ಒಂದು ದಿನದ ಕೂಲಿ ತಪ್ಪುತ್ತದೆ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ಕಡಿಮೆಯಾಗಿದೆ, ಕೂಲಿಯ ಚಿಂತೆ ಹಾಗೆಯೇ ಇದೆ. ಆ ದಿನ ಮಕ್ಕಳನ್ನು ಶಾಲೆಯಿಂದ ಕರೆತಂದು ಊಟಕ್ಕಿಕ್ಕಲು ಒಬ್ಬರು ಬೇಕು. ಕೂಲಿಯಷ್ಟು ಹಣವನ್ನು ಕಾಣಿಕೆಯಿಂದ ಸದ್ದಿಲ್ಲದೆ ಕೊಡಬಹುದು. ಅವರು ಬಯಸಿದರೆ ಜೊತೆಗೂ ಹೋಗಬಹುದು. ಸಾಲಿನಲ್ಲಿ ಪಕ್ಕದಲ್ಲಿ ಒಬ್ಬರಿದ್ದರೆ ಅದೇ ದೊಡ್ಡ ಧೈರ್ಯ. ಪರೀಕ್ಷೆ ಎಲ್ಲಿ, ಚಿಕಿತ್ಸೆ ಎಲ್ಲಿ ಎಂದು ತಿಳಿಯದವರು 1097ಕ್ಕೆ ಕರೆ ಮಾಡಬಹುದು. ಈ ಕರೆಗೆ ಹಣವಿಲ್ಲ.

ನಮಸ್ಕಾರ.