ಉಬ್ಬಿದ ರಕ್ತನಾಳ ಮತ್ತು ವೀರ್ಯಾಣುವಿನ ಆರೋಗ್ಯ

ಕೇಳುಗರಿಗೆ ನಮಸ್ಕಾರ.

ಯಾವ ಗರ್ಭನಿರೋಧಕವನ್ನೂ ಬಳಸದೆ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ತಪಾಸಣೆ ಮಾಡಿಸಿಕೊಳ್ಳಬೇಕು. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ದೇಹದಲ್ಲಿನ ಕಾರಣವೂ ಸೇರಿಕೊಂಡಿರುತ್ತದೆ. ಆದರೂ ಹೆಂಡತಿ ಹತ್ತಾರು ಪರೀಕ್ಷೆಗಳನ್ನು ಮುಗಿಸಿದ ಮೇಲೆಯೇ ಗಂಡ ಮೊದಲ ಸಲ ವೀರ್ಯಪರೀಕ್ಷೆಗೆ ಒಪ್ಪುವುದು ಇಂದಿಗೂ ನಿಂತಿಲ್ಲ. ವರದಿಯಲ್ಲಿ ಕೊರತೆ ಕಂಡ ನಂತರವೂ ವೈದ್ಯರ ಮುಂದೆ ನಿಲ್ಲಲು ಸಂಕೋಚಪಟ್ಟು, ಆಮ್ಲಜನಕದ ಹಾನಿಯನ್ನು ತಡೆಯಲೆಂದು ಕೊಡುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳನ್ನು ನುಂಗುತ್ತಾ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಮಾತ್ರೆಯ ಮಾತು ಆಮೇಲೆ ಇರಲಿ, ಮೊದಲು ವೃಷಣದ ಮೇಲ್ಭಾಗದ ರಕ್ತನಾಳಗಳನ್ನು ವೈದ್ಯರಿಂದ ಮುಟ್ಟಿ ನೋಡಿಸಿಕೊಳ್ಳಿ ಎಂದು ಹೇಳುವುದಕ್ಕಾಗಿಯೇ ನಾನು ಇಂದು ನಿಮ್ಮೊಡನೆ ಮಾತನಾಡುತ್ತಿದ್ದೇನೆ.

ವೃಷಣದಿಂದ ಅಶುದ್ಧ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳು ಬಳ್ಳಿಯಂತೆ ಹೆಣೆದುಕೊಂಡಿರುತ್ತವೆ. ಈ ಹೆಣಿಗೆ ಉಬ್ಬಿ, ಸುರುಳಿ ಸುರುಳಿಯಾಗಿ ನಿಲ್ಲುವುದನ್ನು ವೆರಿಕೋಸೀಲ್ ಎನ್ನುತ್ತೇವೆ. ಇದು ಹೆಚ್ಚಾಗಿ ಎಡಗಡೆಗೇ ಬರುವುದಕ್ಕೆ ದೇಹದ ರಚನೆಯೇ ಕಾರಣ. ಬಲಗಡೆಯ ನಾಳ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಗೆ ಓರೆಯಾಗಿ ಸೇರುತ್ತದೆ. ಅದಕ್ಕಿಂತ ಉದ್ದವಾದ ಎಡಗಡೆಯ ನಾಳ ಎಡ ಮೂತ್ರಪಿಂಡದ ಅಭಿಧಮನಿಗೆ ನೇರ ಲಂಬವಾಗಿ ಹೋಗಿ ಸೇರುವುದರಿಂದ ಅದರೊಳಗಿನ ಒತ್ತಡ ಹೆಚ್ಚು. ಒಳಗಿನ ಕವಾಟಗಳು ಸೋತರೆ ಮೇಲೇರಬೇಕಾದ ರಕ್ತ ಕೆಳಕ್ಕೆ ಮರಳಿ ನಿಲ್ಲುತ್ತದೆ. ವೃಷಣಗಳು ದೇಹದ ಹೊರಗೆ ಚೀಲದಲ್ಲಿರುವುದೇ ಶರೀರದ ಉಷ್ಣತೆಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿರಲೆಂದು. ಆ ತಂಪನ್ನು ಕಾಯುವ ಕೆಲಸದಲ್ಲಿ ಈ ಅಭಿಧಮನಿಗಳಿಗೂ ಪಾಲಿದೆ, ಏಕೆಂದರೆ ವೃಷಣದ ಕಡೆಗೆ ಇಳಿದುಬರುವ ಅಪಧಮನಿಯನ್ನು ಸುತ್ತುವರಿದು ಅದರ ರಕ್ತದ ಬಿಸಿಯನ್ನು ಹೀರಿಕೊಳ್ಳುವವು ಇವೇ. ಅಲ್ಲಿಯೇ ಬೆಚ್ಚಗಿನ ರಕ್ತ ಮಡುಗಟ್ಟಿದರೆ ವೀರ್ಯಾಣು ತಯಾರಾಗುವ ಜಾಗವೇ ಬಿಸಿಯೇರುತ್ತದೆ.

ಆ ಬಿಸಿಯಲ್ಲಿ ಜೀವಕೋಶಗಳು ಸೂಪರ್ ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್ ಮುಂತಾದ, ಕಂಡದ್ದಕ್ಕೆಲ್ಲ ತಗಲಿಕೊಳ್ಳುವ ಆಮ್ಲಜನಕದ ಕಣಗಳನ್ನು ಅಳತೆ ಮೀರಿ ಉಂಟುಮಾಡುತ್ತವೆ. ಇವು ಹುಟ್ಟುವ ವೇಗ ಇವನ್ನು ತಣಿಸುವ ಶಕ್ತಿಯನ್ನು ಮೀರಿದ ಸ್ಥಿತಿಗೆ ಉತ್ಕರ್ಷಣ ಒತ್ತಡ ಎಂದು ಹೆಸರು. ಈ ದಾಳಿಗೆ ವೀರ್ಯಾಣುವಿನಷ್ಟು ಸುಲಭವಾಗಿ ಸಿಕ್ಕಿಬೀಳುವ ಜೀವಕೋಶ ದೇಹದಲ್ಲಿ ವಿರಳ. ಹಗುರಾಗಿ ಈಜಬೇಕೆಂದು ಅದು ತನ್ನ ಜೀವರಸದ ಬಹುಪಾಲನ್ನು ಕಳಚಿಕೊಂಡು ಬಂದಿರುತ್ತದೆ. ರಕ್ಷಣೆಗೆ ಬೇಕಾದ ಕಿಣ್ವಗಳಲ್ಲಿ ಹೆಚ್ಚಿನವೂ ಅದರೊಡನೆಯೇ ಕಳೆದುಹೋಗಿರುತ್ತವೆ. ಅದರ ಹೊರಪೊರೆಯಾದರೋ ಬೇಗ ಕೆಡುವ ಜಾತಿಯ ಕೊಬ್ಬಿನಾಮ್ಲಗಳಿಂದ ತುಂಬಿದೆ. ಎಣ್ಣೆ ಗಾಳಿಗೆ ತೆರೆದಿಟ್ಟರೆ ಕಮಟುವಂತೆ ಈ ಪೊರೆಯೂ ಕೆಡುತ್ತದೆ, ಬಾಲದ ಬೀಸು ಕುಂದುತ್ತದೆ, ತಲೆಯೊಳಗೆ ಬಿಗಿಯಾಗಿ ಸುತ್ತಿಟ್ಟ ಡಿಎನ್‌ಎ ಎಳೆ ಅಲ್ಲಲ್ಲಿ ತುಂಡಾಗುತ್ತದೆ. ಹೆಚ್ಚು ಆಮ್ಲಜನಕದಲ್ಲಿಟ್ಟ ಮನುಷ್ಯನ ವೀರ್ಯಾಣುಗಳು ಚಲನೆ ಕಳೆದುಕೊಳ್ಳುತ್ತವೆ, ಕೆಟಲೇಸ್ ಎಂಬ ಕಿಣ್ವವನ್ನು ಬೆರೆಸಿದರೆ ಚಲನೆ ಉಳಿಯುತ್ತದೆ ಎಂಬುದನ್ನು ಸಂಶೋಧಕ ಜಾನ್ ಮ್ಯಾಕ್ಲಿಯಾಡ್ 1943ರಲ್ಲಿಯೇ ತೋರಿಸಿದ್ದರು. ಹಾಗೆಂದು ಈ ಕಣಗಳು ಪೂರ್ತಿ ಹಗೆಗಳಲ್ಲ. ಅಂಡಾಣುವನ್ನು ಹೊಗುವ ಸಾಮರ್ಥ್ಯ ಪಡೆಯಲು ವೀರ್ಯಾಣುವಿಗೆ ಇವು ಅತಿ ಸ್ವಲ್ಪ ಪ್ರಮಾಣದಲ್ಲಿ ಬೇಕೇ ಬೇಕು.

ಪರೀಕ್ಷೆಗೆ ಹೆದರಬೇಕಾದುದು ಏನೂ ಇಲ್ಲ. ಬೆಚ್ಚಗಿನ ಕೋಣೆಯಲ್ಲಿ ವ್ಯಕ್ತಿಯನ್ನು ನಿಲ್ಲಿಸಿ, ವೃಷಣದ ಮೇಲಿನ ಹುರಿಯನ್ನು ವೈದ್ಯರು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯುತ್ತಾರೆ. ಉಸಿರು ಬಿಗಿಹಿಡಿದು ಮುಕ್ಕಲು ಹೇಳುತ್ತಾರೆ. ವೆರಿಕೋಸೀಲ್ ಇದ್ದರೆ ಬೆರಳುಗಳ ನಡುವೆ ಎರೆಹುಳುಗಳ ಮುದ್ದೆ ಹಿಗ್ಗಿದಂತೆ ತಿಳಿಯುತ್ತದೆ, ಮಲಗಿದರೆ ಅದು ಇಳಿದುಹೋಗುತ್ತದೆ. ಮಲಗಿದರೂ ಇಳಿಯದಿದ್ದರೆ, ಇಲ್ಲವೇ ಬಲಗಡೆ ಮಾತ್ರ ಹಠಾತ್ತಾಗಿ ಕಾಣಿಸಿಕೊಂಡರೆ, ಹೊಟ್ಟೆಯೊಳಗೆ ಗಡ್ಡೆಯೇನಾದರೂ ನಾಳವನ್ನು ಒತ್ತುತ್ತಿದೆಯೇ ಎಂದು ನೋಡಲೇಬೇಕು.

ಸುಮಾರು 15 ಪ್ರತಿಶತ ಗಂಡಸರಲ್ಲಿ ವೆರಿಕೋಸೀಲ್ ಇರುತ್ತದೆ. ಅವರಲ್ಲಿ ಬಹುಪಾಲು ಜನ ಯಾವ ತೊಂದರೆಯೂ ಇಲ್ಲದೆ ತಂದೆಯಾಗುತ್ತಾರೆ. ಬಂಜೆತನಕ್ಕಾಗಿ ಬರುವ ಗಂಡಸರಲ್ಲಿ ಮಾತ್ರ ಈ ಪ್ರಮಾಣ 35ರಿಂದ 40 ಪ್ರತಿಶತಕ್ಕೆ ಏರುತ್ತದೆ. ಆದ್ದರಿಂದ ಇದ್ದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಡ. ಕೈಗೆ ಸಿಗದೆ ಸ್ಕ್ಯಾನಿಂಗ್‌ನಲ್ಲಿ ಮಾತ್ರ ಕಂಡ ಉಬ್ಬಿಗಂತೂ ಖಂಡಿತ ಬೇಡ. ಉಬ್ಬು ಕೈಗೆ ತಿಳಿಯುವಂತಿದ್ದು, ವೀರ್ಯದ ವರದಿಯಲ್ಲಿ ದೋಷವಿದ್ದು, ಮಗುವಿಗಾಗಿ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಜೊತೆಗೆ ಹೆಂಡತಿಗೆ ಗರ್ಭ ಧರಿಸುವ ಶಕ್ತಿ ಇದ್ದರೆ, ಆಗ ಚಿಕಿತ್ಸೆಗೆ ಅರ್ಥವಿದೆ. ಸೂಕ್ಷ್ಮದರ್ಶಕದ ನೆರವಿನಿಂದ ತೊಡೆಸಂದಿಯ ಬಳಿ ಸಣ್ಣ ಗಾಯ ಮಾಡಿ, ಅಪಧಮನಿಯನ್ನೂ ದುಗ್ಧನಾಳಗಳನ್ನೂ ಉಳಿಸಿಕೊಂಡು, ಉಬ್ಬಿದ ಅಭಿಧಮನಿಗಳನ್ನಷ್ಟೇ ಒಂದೊಂದಾಗಿ ಕಟ್ಟುವ ವಿಧಾನ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೇಲು. ಉಬ್ಬು ಮರುಕಳಿಸುವುದೂ ವೃಷಣದ ಸುತ್ತ ನೀರು ತುಂಬುವುದೂ ಇದರಲ್ಲಿ ಬಹಳ ಕಡಿಮೆ. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಕ್ಯಾಮೆರಾದ ನೆರವಿನಿಂದ ನಡೆಸುವ ಲ್ಯಾಪರೊಸ್ಕೋಪಿ ಇದೆ, ನಾಳದೊಳಗೆ ತೂರುನಳಿಕೆ ಹಾಯಿಸಿ ಮುಚ್ಚುವ ಎಂಬೊಲೈಸೇಷನ್ ಕೂಡ ಇದೆ. ಚಿಕಿತ್ಸೆಯ ನಂತರ ವೀರ್ಯದಲ್ಲಿ ಉತ್ಕರ್ಷಣದ ಗುರುತುಗಳು ತಗ್ಗುವುದನ್ನೂ ತುಂಡಾದ ಡಿಎನ್‌ಎ ಪ್ರಮಾಣ ಇಳಿಯುವುದನ್ನೂ ಅಧ್ಯಯನಗಳು ಕಂಡುಕೊಂಡಿವೆ.

ಇನ್ನು ಮೊದಲು ಹೇಳಿದ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳ ವಿಷಯ. ಸತು ಮತ್ತು ಫೋಲಿಕ್ ಆಮ್ಲವನ್ನು ಗಂಡಸರಿಗೆ ಆರು ತಿಂಗಳು ಕೊಟ್ಟು, ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳನ್ನು ಒಳಗೊಂಡು ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡವರ ಮನೆಯಲ್ಲಿ 34 ಪ್ರತಿಶತ, ಔಷಧವಿಲ್ಲದ ಹುಸಿಮಾತ್ರೆ ತೆಗೆದುಕೊಂಡವರ ಮನೆಯಲ್ಲಿ 35 ಪ್ರತಿಶತ ಮಗು ಹುಟ್ಟಿತ್ತು. ಡಿಎನ್‌ಎ ತುಂಡಾಗುವಿಕೆ ಮಾತ್ರೆಯವರಲ್ಲೇ ತುಸು ಹೆಚ್ಚಿತ್ತು. ಧೂಮಪಾನ ಬಿಡುವುದರಿಂದ ಉತ್ಕರ್ಷಣ ಒತ್ತಡದ ಒಂದು ಮೂಲವೇ ಮುಚ್ಚುತ್ತದೆ, ಅದಕ್ಕೆ ಯಾವ ಡಬ್ಬಿಯೂ ಬೇಡ.

ಚಿಕಿತ್ಸೆಯಾದ ಮರುವಾರವೇ ವರದಿ ಬದಲಾಗಲಿಲ್ಲವೆಂದು ಎದೆಗುಂದುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಒಂದು ವೀರ್ಯಾಣು ವೃಷಣದಲ್ಲಿ ರೂಪುಗೊಳ್ಳಲು ಸುಮಾರು 74 ದಿನ ಬೇಕು, ಅಲ್ಲಿಂದ ಮುಂದಿನ ನಾಳದಲ್ಲಿ ಹಾದು ಪಕ್ವವಾಗಲು ಇನ್ನೂ ಕೆಲವು ದಿನ. ಇಂದು ನಾಳ ಕಟ್ಟಿದರೆ, ತಂಪಿನಲ್ಲಿ ಮೊದಲಿನಿಂದ ಬೆಳೆದ ವೀರ್ಯಾಣು ಹೊರಬರುವುದು ಮೂರು ತಿಂಗಳ ನಂತರ. ಅದಕ್ಕಾಗಿಯೇ ಮೊದಲ ಮರುಪರೀಕ್ಷೆಯನ್ನು ಮೂರನೆಯ ತಿಂಗಳಿಗೂ ಎರಡನೆಯದನ್ನು ಆರನೆಯ ತಿಂಗಳಿಗೂ ಇಡುತ್ತೇವೆ. ಹೆಂಡತಿಯ ವಯಸ್ಸು 35 ದಾಟಿದ್ದರೆ ಇಷ್ಟು ದಿನ ಕಾಯಬೇಕೇ, ನೇರವಾಗಿ, ಅಂಡಾಣುವನ್ನೂ ವೀರ್ಯಾಣುವನ್ನೂ ಪ್ರಯೋಗಾಲಯದಲ್ಲಿ ಕೂಡಿಸುವ ಐವಿಎಫ್ ಕಡೆಗೆ ಹೋಗಬೇಕೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲೇ, ಇಬ್ಬರೂ ಒಟ್ಟಿಗೆ ಕುಳಿತು ವೈದ್ಯರೊಡನೆ ಮಾತನಾಡಿ ತೀರ್ಮಾನಿಸಿಕೊಳ್ಳಿ. ನಮಸ್ಕಾರ.